ಗುರುವಾರದ ಎಂಜಿನಿಯರ್

೧೭ ಅಕ್ಟೋಬರ್ ೨೦೧೬, ಸೋಮವಾರ

ಬರೆಯಿರಿ ಎಂದಿದ್ದಾಳೆ ಆರೋಗ್ಯ ಕೇಂದ್ರದ ಸಲಹೆಗಾರ್ತಿ. ಏನು ಬೇಕಾದರೂ ಬರೆಯಬಹುದಂತೆ, ಯಾರಿಗೂ ತೋರಿಸಬೇಕಿಲ್ಲವಂತೆ. ಕನ್ನಡದಲ್ಲಿ ಬರೆದರೆ ಸ್ವೀಡನ್ನಿನ ಈ ಶೋವ್ಡೆ ಊರಿನಲ್ಲಿ ತೋರಿಸಿದರೂ ಓದುವವರು ಯಾರು? ಮಗಳು ಇರಾಗೆ ಕನ್ನಡ ಮಾತು ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಶಕುಂತಲಾ ಓದಬಲ್ಲಳು. ಆದರೆ ಬೆಳಗಾದರೆ ಇಲ್ಲಿನ ಶಿಶುವಿಹಾರ ದಾಗಿಸ್‌ನಲ್ಲಿ ಊರ ಮಕ್ಕಳ ಮೂಗು ಒರೆಸಿ, ಸಂಜೆ ಬಂದು ಗಂಡನ ಮುಖ ನೋಡುವ ಅವಳಿಗೆ ಓದುವ ಹುಮ್ಮಸ್ಸು ಎಲ್ಲಿಂದ ಬರಬೇಕು.

ಮೊದಲು ನೀವು ಯಾರು ಎಂದು ಬರೆಯಿರಿ ಎಂದಿದ್ದಳು ಆ ಸಲಹೆಗಾರ್ತಿ. ಕಷ್ಟದ ಪ್ರಶ್ನೆಯೇನಲ್ಲ ಎಂದುಕೊಂಡು ಕೂತೆ. ಕಾಫಿ ಆರಿಹೋಯಿತು. ರಮಾನಂದ, ವಯಸ್ಸು ನಲವತ್ತಾರು, ಎಂಜಿನಿಯರ್ ಎಂದು ಬರೆದು ಕೊನೆಯ ಪದವನ್ನು ಹೊಡೆದುಹಾಕಿದೆ. ಆಮೇಲೆ ಮತ್ತೆ ಬರೆದೆ. ಈ ಊರಿಗೆ ಬಂದಾಗಿನಿಂದ ಕಾರಿನ ಎಂಜಿನ್ ಪರೀಕ್ಷಿಸುವುದು ನನ್ನ ಕೆಲಸ. ಹೊಸ ಎಂಜಿನ್ ತಂದು, ಅದು ಕೆಟ್ಟು ನಿಲ್ಲುವವರೆಗೂ ಓಡಿಸಿ, ಯಾಕೆ ಕೆಟ್ಟಿತು ಎಂದು ಹೇಳುವುದು. ಕಳೆದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು, ಅವು ಏನೆಂದು ನನಗೆ ತಿಳಿಯಲಿಲ್ಲ. ವರ್ಷಗಟ್ಟಲೆ ನೋಡಿದ ಗೆರೆಗಳೇ. ಪಕ್ಕದವನು ಬಂದು ಭುಜ ಮುಟ್ಟಿದಾಗ ಅಳುತ್ತಿದ್ದೆನಂತೆ. ಅವತ್ತು ಹೊರಗೆ ಬಂದವನು ಮತ್ತೆ ಒಳಗೆ ಹೋಗಿಲ್ಲ.

ಇಲ್ಲಿಯವರು ಇದಕ್ಕೆ ಗೋಡೆಗೆ ಹೋಗಿ ಗುದ್ದಿಕೊಂಡ ಎನ್ನುತ್ತಾರೆ. ಕೆಲಸದ ದಣಿವಿನ ಕಾಯಿಲೆ. ಡಾಕ್ಟರು ರಜೆ ಬರೆದುಕೊಡುತ್ತಾರೆ, ಜನ ಫೀಕಾಗೆ ಕೂತು ಕಾಫಿ ಕುಡಿಯುತ್ತ ನೆಗಡಿಯ ಬಗ್ಗೆ ಮಾತಾಡಿದಷ್ಟೇ ಸಲೀಸಾಗಿ ಇದರ ಬಗ್ಗೆ ಮಾತಾಡುತ್ತಾರೆ. ನಮ್ಮವರಲ್ಲಿ ಇದಕ್ಕೆ ಇರುವುದು ಒಂದೇ ಹೆಸರು: ತಲೆ ಕೆಟ್ಟಿದೆ. ಆದ್ದರಿಂದ ಊರಿನಲ್ಲಿರುವ ಕನ್ನಡದ ಮನೆಗಳಿಗೆಲ್ಲ, ನಾನು ಗೋಥೆನ್‌ಬರ್ಗಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ ಎಂದು ಹೇಳಿದ್ದೇವೆ. ಮುಖ್ಯವಾಗಿ ಶೇಷಾದ್ರಿಗೆ. ಸಾಫ್ಟ್‌ವೇರ್ ಆಸಾಮಿ, ಹಬ್ಬಗಳಿಗೆ ಎಲ್ಲರನ್ನೂ ಸೇರಿಸುವವನು ಅವನೇ. ಅವನ ಕಿವಿಗೆ ಒಂದು ಮಾತು ಬಿತ್ತೆಂದರೆ ಊರಲ್ಲಿ ಡಂಗುರ ಹೊಡೆಸಿದ ಹಾಗೆ.

ಇಷ್ಟು ಸಾಕು. ಕೈ ನೋಯುತ್ತಿದೆ.

೨೦ ಅಕ್ಟೋಬರ್, ಗುರುವಾರ

ಹಾಸಿಗೆ. ಮಧ್ಯಾಹ್ನ ಅನ್ನ ಸಾರು. ಹಾಸಿಗೆ.

೨೬ ಅಕ್ಟೋಬರ್, ಬುಧವಾರ

ಇರಾಳ ಶಾಲೆಯಿಂದ ಫೋನು. ಏನೋ ತಂಟೆ ಮಾಡಿದ್ದಾಳೆ ಎಂದುಕೊಂಡೆ. ಮಾತಾಡಿದವರು ತಂತ್ರಜ್ಞಾನದ ಮೇಷ್ಟ್ರು, ಲೆನ್ನಾರ್ಟ್. ಒಂಬತ್ತನೇ ತರಗತಿಯ ಐದು ಮಕ್ಕಳು ಸೇರಿ ರೋಬೋಟ್ ಮಾಡುತ್ತಿದ್ದಾರೆ, ಫೆಬ್ರವರಿಯಲ್ಲಿ ಸ್ಪರ್ಧೆ ಇದೆ. ರೋಬೋಟ್ ಓಡಿದರೆ ಸಾಲದಂತೆ. ಎಂಜಿನಿಯರುಗಳಿಂದ ಏನು ಕಲಿತಿರಿ ಎಂದು ಕೇಳುತ್ತಾರೆ, ಸಮಾಜಕ್ಕೆ ಏನು ಮಾಡಿದಿರಿ ಎಂದು ಕೇಳುತ್ತಾರೆ, ಎರಡಕ್ಕೂ ಅಂಕ ಇದೆ.

"ಗುರುವಾರ ಶಾಲೆ ಮುಗಿದ ಮೇಲೆ ನೀವು ಬರಬಹುದೇ? ನಮಗೆ ನಿಮ್ಮಂಥವರು ಬೇಕು," ಎಂದರು.

ನಮಗೆ ಬೇಕು ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಯಿತು. ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ, ನೋಡೋಣ ಎಂದು ಹೊರಬಂತು. ಶಕುಂತಲಾ ಅಡಿಗೆಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಯಾರು ಎಂದು ಕೇಳಲಿಲ್ಲ. ಅಷ್ಟೊಂದು ಬೆಳ್ಳುಳ್ಳಿ ಯಾವ ಅಡಿಗೆಗೋ ಗೊತ್ತಾಗಲಿಲ್ಲ.

೧೦ ನವೆಂಬರ್, ಗುರುವಾರ

ಗಡ್ಡ ಬೋಳಿಸಿಕೊಂಡು ಹೋದೆ. ಬಸ್ಸಿನಲ್ಲಿ ಎರಡು ಸಲ ಇಳಿದು ವಾಪಸ್ ಬರಬೇಕೆನ್ನಿಸಿತು.

ಮರಗೆಲಸದ ಕೋಣೆಯಲ್ಲಿ ಮಕ್ಕಳು ಕೂತಿದ್ದರು. ಇರಾ, ತುವಾ ಎಂಬ ಉದ್ದ ಜಡೆಯ ಹುಡುಗಿ, ಸದಾ ಏನಾದರೂ ತಿನ್ನುತ್ತಿರುವ ಲೀನಸ್, ಮಾತೇ ಆಡದ ಇನ್ನಿಬ್ಬರು. ರೋಬೋಟಿಗೆ ಬುಲ್ಲೆ ಎಂದು ಹೆಸರಿಟ್ಟಿದ್ದಾರೆ, ಏಲಕ್ಕಿ ಹಾಕಿದ ಬನ್ನಿನ ಹೆಸರು. ನಾಲ್ಕು ಚಕ್ರ, ಮುಂದೊಂದು ಕೈ. ಡಬ್ಬಿಗಳನ್ನು ನೆಲದಿಂದ ಎತ್ತಿ ಕಪಾಟಿನಲ್ಲಿಡಬೇಕು. ಇಡುವುದಿಲ್ಲ, ಬೀಳಿಸುತ್ತದೆ.

ಯಾಕೆ ಬೀಳಿಸುತ್ತದೆ ಎಂದು ನೋಡಿದ ಕೂಡಲೇ ತಿಳಿಯಿತು. ಕೈ ಮುಂದೆ ಮಾಡಿದೆ. "ದೊಡ್ಡವರು ಮುಟ್ಟುವಂತಿಲ್ಲ," ಎಂದಳು ತುವಾ, ಬಹಳ ಮರ್ಯಾದೆಯಿಂದ. ಅದು ಸ್ಪರ್ಧೆಯ ನಿಯಮ. ಕೇಳಿದರೆ ಹೇಳಬಹುದು, ಕೈ ಹಾಕುವಂತಿಲ್ಲ. ತುಮಕೂರಿನ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಥರ್ಮೊಕೋಲಿನ ಅಣೆಕಟ್ಟು ಕಟ್ಟುತ್ತಿದ್ದವರು ಅಪ್ಪಂದಿರು, ಪಕ್ಕದಲ್ಲಿ ಸಮವಸ್ತ್ರ ಹಾಕಿ ನಿಲ್ಲುತ್ತಿದ್ದವರು ಮಕ್ಕಳು. ನಾನು ಕೈಗಳನ್ನು ಜೇಬಿಗೆ ತುರುಕಿ ನಿಂತೆ.

ಎಲ್ಲದಕ್ಕೂ ಇವರು ವೋಟು ಹಾಕುತ್ತಾರೆ. ಸ್ಕ್ರೂ ಯಾವ ಕಡೆಯಿಂದ ಹಾಕಬೇಕು ಎಂಬುದಕ್ಕೂ ಕೈ ಎತ್ತುತ್ತಾರೆ. ಬಹುಮತ ಬಂದರೆ ಗುರುತ್ವಾಕರ್ಷಣೆ ಕೂಡ ರಾಜೀನಾಮೆ ಕೊಡಬೇಕು. ಮೇಷ್ಟ್ರು ಲೆನ್ನಾರ್ಟ್ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ. ಮನೆಗೆ ಬಂದು ಕೋಟು ಬಿಚ್ಚದೆ ಮಲಗಿದೆ.

೨೪ ನವೆಂಬರ್, ಗುರುವಾರ

ತುವಾ ಕೇಳಿದಳು: ಕೈಯನ್ನು ಇನ್ನಷ್ಟು ಉದ್ದ ಮಾಡಿದರೆ ಈ ಮೋಟಾರು ಎಷ್ಟು ಭಾರ ಎತ್ತಬಲ್ಲದು? ಪಿಯುಸಿಯ ಲೆಕ್ಕ. ಬೋರ್ಡಿನ ಮುಂದೆ ನಿಂತು ಎರಡು ಅಂಕೆ ಬರೆದೆ. ಮೂರನೆಯದು ಬರಲಿಲ್ಲ. ಯಾವುದನ್ನು ಯಾವುದರಿಂದ ಗುಣಿಸಬೇಕೆಂಬುದೇ ತಲೆಯಿಂದ ಹೋಗಿತ್ತು. ಮಕ್ಕಳು ಕಾದರು. ಈ ದೇಶದ ಮಕ್ಕಳು ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ಕಾಯುತ್ತಾರೆ, ಅದೇ ಕಷ್ಟ. ಇರಾ ತನ್ನ ಬೂಟು ನೋಡುತ್ತಿದ್ದಳು.

"ನನಗೆ ಗೊತ್ತಾಗುತ್ತಿಲ್ಲ," ಎಂದೆ. ಸ್ವೀಡಿಷ್‌ನಲ್ಲಿ ಎಂದೆನೋ ಕನ್ನಡದಲ್ಲೋ ನೆನಪಿಲ್ಲ. ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ನಿಂತೆ. ಬಾಗಿಲ ಹೊರಗೆ ಲೆನ್ನಾರ್ಟ್ ಬಂದು ಹೋದ ಸದ್ದಾಯಿತು.

ಕೈಲಾಗದವನು ಮೈ ಪರಚಿಕೊಂಡನಂತೆ. ಪರಚಿಕೊಳ್ಳುವುದಕ್ಕೂ ತ್ರಾಣ ಬೇಕು.

೧ ಡಿಸೆಂಬರ್, ಗುರುವಾರ

ಹೋಗಲಿಲ್ಲ. ನಾನು ಇಲ್ಲದೆ ಹೋದರೆ ಈ ಮನೆ ಎಷ್ಟು ಹಗುರವಾಗುತ್ತದೆ ಎಂಬ ಯೋಚನೆ ಬೆಳಿಗ್ಗೆ ಬಂತು, ಮಧ್ಯಾಹ್ನವೂ ಹೋಗಲಿಲ್ಲ. ಸಲಹೆಗಾರ್ತಿಗೆ ಫೋನ್ ಮಾಡಿ ಹೇಳಿದೆ. ನಾಳೆಯೇ ಬನ್ನಿ ಎಂದಳು. ಶಕುಂತಲಾ ರಜೆ ಹಾಕಿ ಜೊತೆಗೆ ಬರುತ್ತಾಳಂತೆ.

೮ ಡಿಸೆಂಬರ್, ಗುರುವಾರ

ಶಾಲೆ ಮುಗಿದ ಕೂಡಲೇ ಮನೆಗೆ ಬಂದ ಇರಾ ನನ್ನ ಬೂಟು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸು ಹೋಗುತ್ತದೆ ಎಂದಳು, ಅಷ್ಟೇ. ಅವಳು ಸ್ವೀಡಿಷ್‌ನಲ್ಲಿ ಹೇಳಿದಾಗ ವಾದ ಮಾಡಲು ನನಗೆ ಪದ ಸಿಕ್ಕುವುದಿಲ್ಲ. ಹೋದೆ.

ಮಕ್ಕಳು ಬುಲ್ಲೆಯನ್ನು ಹಸುಗೂಸಿನಂತೆ ಎತ್ತಿಟ್ಟು ಇಳಿಸುತ್ತಿದ್ದರು, ಮುರಿದುಬಿಟ್ಟೀತು ಎಂದು. ನೋಡಿ ನೋಡಿ ತಡೆಯದೆ ಹೇಳಿದೆ: ಮುರಿಯಿರಿ. ಐವರೂ ನನ್ನ ಮುಖ ನೋಡಿದರು. ಎಲ್ಲಿ ಮುರಿಯುತ್ತದೆ ಎಂದು ಇವತ್ತು ನಿಮಗೆ ತಿಳಿಯದಿದ್ದರೆ ಸ್ಪರ್ಧೆಯ ದಿನ ಅದೇ ತಿಳಿಸುತ್ತದೆ ಎಂದೆ. ವೋಟು ಹಾಕಿದರು. ಮೂರಕ್ಕೆ ಎರಡು, ಮುರಿಯುವ ಪಕ್ಷ ಗೆದ್ದಿತು.

ಕೈಯನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಲೀನಸ್ ಎಣಿಸುತ್ತಿದ್ದ. ಸದ್ದು ಬದಲಾದಾಗ ನಾನು ಕೈ ಎತ್ತಿದೆ, ಇನ್ನು ಸ್ವಲ್ಪ ಹೊತ್ತು ಎಂದೆ. ಆಮೇಲೆ ಟಪ್ ಎಂದು ಭುಜದ ಹತ್ತಿರದ ತುಂಡು ಹಾರಿ ಕಿಟಕಿಗೆ ಬಡಿಯಿತು. ಮಾತೇ ಆಡದ ಆ ಇಬ್ಬರಲ್ಲಿ ಒಬ್ಬ ಹುಡುಗ ಎದ್ದು ನಿಂತು ಚಪ್ಪಾಳೆ ಹೊಡೆದ. ಹೇಗೆ ಮೊದಲೇ ಗೊತ್ತಾಯಿತು ಎಂದು ಕೇಳಿದರು. ಒಂದು ವಸ್ತು ಸೋಲುವ ಮೊದಲು ಅದರ ಸದ್ದು ಸ್ವಲ್ಪ ತೆಳುವಾಗುತ್ತದೆ, ಕಿವಿ ಕೊಡಬೇಕು, ಅಷ್ಟೇ ಎಂದೆ. ನನ್ನ ಸದ್ದು ತೆಳುವಾದದ್ದು ನನಗೇ ಕೇಳಿಸಿರಲಿಲ್ಲ ಎಂಬುದನ್ನು ಹೇಳಲಿಲ್ಲ.

ರಾತ್ರಿ ಊಟಕ್ಕೆ ಉಪ್ಪಿಟ್ಟು. ಉಪ್ಪು ಕಮ್ಮಿ ಎಂದೆ. ಶಕುಂತಲಾ ಉಪ್ಪಿನ ಡಬ್ಬಿ ತಂದಿಟ್ಟು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದಳು. ಉಪ್ಪು ಕಮ್ಮಿ ಎಂದರೆ ಇಷ್ಟು ಬೇಜಾರೇ?

೧೫ ಡಿಸೆಂಬರ್, ಗುರುವಾರ

ಸಮಾಜದ ಕೆಲಸ. ಮಕ್ಕಳು ಬುಲ್ಲೆಯನ್ನು ಇಲ್ಲಿನ ನಗರಸಭೆಯಾದ ಕಮ್ಯೂನ್‌ನವರ ವೃದ್ಧಾಶ್ರಮಕ್ಕೆ ತೆಗೆದುಕೊಂಡು ಹೋದರು, ನಾನೂ ಜೊತೆಗೆ. ಮಧ್ಯಾಹ್ನ ಮೂರಕ್ಕೇ ಹೊರಗೆ ಕತ್ತಲು. ಬುಲ್ಲೆ ಶುಂಠಿ ಬಿಸ್ಕತ್ತು ಹೊತ್ತು ಒಬ್ಬೊಬ್ಬರ ಗಾಲಿಕುರ್ಚಿಯ ಹತ್ತಿರ ಹೋಗಿ ನಿಂತಿತು. ಒಬ್ಬ ಅಜ್ಜ ತೆಗೆದುಕೊಳ್ಳಲಿಲ್ಲ. ನಾನು ಗರಗಸದ ಮಿಲ್ಲು ನಡೆಸಿದವನು, ನನಗೆ ಆಟಿಕೆಯ ಕೈಯಿಂದ ತಿನ್ನಿಸಬೇಡಿ ಎಂದ. ತುವಾ ಪಾಪ ಕೆಂಪಾದಳು. ಲೀನಸ್ ಆ ಬಿಸ್ಕತ್ತನ್ನು ತಾನೇ ತಿಂದ.

ಹೊರಗೆ ಬಂದ ಮೇಲೆ ಫೋಟೊಗಳನ್ನು ನೋಡಿ, ಎಷ್ಟು ಜನರಿಗೆ ಉಪಕಾರವಾಯಿತು ಎಂದು ಲೆಕ್ಕ ಹಾಕಿದರು. ಆ ಮುದುಕರನ್ನು ನೆನೆದು ಅಯ್ಯೋ ಅನ್ನಿಸಿತು. ಬಿಸ್ಕತ್ತು ತಿನ್ನಲು ಕೂತವರಿಗೆ ತಾವು ಯಾರದೋ ಅಂಕಪಟ್ಟಿಗೆ ಸೇರಿದ್ದೇವೆ ಎಂದು ಗೊತ್ತಿಲ್ಲ. ಆ ಮಿಲ್ಲಿನ ಅಜ್ಜನಿಗೆ ಮಾತ್ರ ಗೊತ್ತಾಗಿತ್ತು ಎಂದು ಕಾಣುತ್ತದೆ.

೨೮ ಡಿಸೆಂಬರ್, ಬುಧವಾರ

ಶಾಲೆಗೆ ರಜೆ. ಗುರುವಾರಗಳಿಲ್ಲ. ಕಿಟಕಿಯ ಹೊರಗೆ ಬೆಳಕೂ ಇಲ್ಲ.

೧೫ ಜನವರಿ ೨೦೧೭, ಭಾನುವಾರ

ಶೇಷಾದ್ರಿಯ ಮನೆಯಲ್ಲಿ ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ, ನಾನು ಬಾಯಿ ತುಂಬ ಎಳ್ಳು ಹಾಕಿಕೊಂಡು ಸುಳ್ಳು ಹೇಳಿದೆ.

"ಗೋಥೆನ್‌ಬರ್ಗ್ ಪ್ರಾಜೆಕ್ಟ್ ಹೇಗೆ ನಡೀತಿದೆ ಸರ್?"

"ಏನೋ, ನಡೀತಿದೆ. ಮೀಟಿಂಗೇ ಜಾಸ್ತಿ."

"ಮನೆಯಿಂದಾನೇ ಅಲ್ವಾ. ಒಳ್ಳೇದು ಬಿಡಿ, ಹೊರಗೆ ಹೋಗೋ ರಗಳೆ ಇಲ್ಲ."

ಅನುಮಾನ ಬಂದಿದೆ ಅವನಿಗೆ, ಇಲ್ಲದಿದ್ದರೆ ಮನೆಯಿಂದಾನೇ ಎಂದು ಒತ್ತಿ ಯಾಕೆ ಹೇಳಬೇಕು. ಇಳಿದಿದ್ದಾನೆ, ಯಾವುದೋ ಡಯಟ್ ಇರಬೇಕು. ಅವನ ಹೆಂಡತಿ ಆರತಿ ನಮ್ಮ ಇರಾಳನ್ನು ಹಿಡಿದುಕೊಂಡು ರೋಬೋಟಿನ ವಿಷಯ ಕೇಳಿದ್ದೇ ಕೇಳಿದ್ದು. ಸ್ಪರ್ಧೆಯ ದಿನ ಸಣ್ಣ ಮಕ್ಕಳಿಗೂ ಏನೋ ಇದೆಯಂತೆ, ಮಗ ಓಂನನ್ನು ಕರೆದುಕೊಂಡು ಬರುತ್ತಾರಂತೆ. ಬನ್ನಿ ಬನ್ನಿ ಎಂದಳು ಇರಾ. ಬರಲಿ. ಅಲ್ಲಿ ನಾನು ಎಂಜಿನಿಯರ್ ಆಗಿಯೇ ನಿಂತಿರುತ್ತೇನಲ್ಲ, ಅದೂ ಒಳ್ಳೆಯದೇ.

೨ ಫೆಬ್ರವರಿ, ಗುರುವಾರ

ಎಂಜಿನ್ ಕಾರ್ಖಾನೆಯಿಂದ ಕರಿನ್ ಎಂಬ ಎಂಜಿನಿಯರ್ ಬಂದಿದ್ದಳು. ಒಂದು ಗಂಟೆ ಇದ್ದು ಹಲ್ಲುಚಕ್ರಗಳ ಬಗ್ಗೆ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಎರಡು ಕಡೆ ನಾನಾಗಿದ್ದರೆ ಬೇರೆ ರೀತಿ ಹೇಳುತ್ತಿದ್ದೆ. ಮಕ್ಕಳು ಅವಳ ಜೊತೆ ಫೋಟೊ ತೆಗೆಸಿಕೊಂಡರು, ಫೋಟೊ ತೆಗೆದವನು ನಾನು.

ಹೋಗುವಾಗ ಲೆನ್ನಾರ್ಟ್ ನನಗೂ ಒಂದು ಟೀ ಶರ್ಟ್ ಕೊಟ್ಟರು. ಹಳದಿ ಬಣ್ಣ, ಎದೆಯ ಮೇಲೆ ಬನ್ನಿನ ಚಿತ್ರ. ನಲವತ್ತಾರು ವರ್ಷದವನು ಹಾಕಿಕೊಳ್ಳುವಂಥದ್ದಲ್ಲ. ಇಸ್ತ್ರಿ ಮಾಡಿ ಇಟ್ಟಿದ್ದೇನೆ.

೧೧ ಫೆಬ್ರವರಿ, ಶನಿವಾರ

ಮೊದಲಿನಿಂದ ಬರೆಯುತ್ತೇನೆ. ಬರೆಯದಿದ್ದರೆ ತಲೆಯಲ್ಲೇ ತಿರುಗುತ್ತದೆ.

ಊರಿನ ಕ್ರೀಡಾ ಸಭಾಂಗಣ. ಜನವೋ ಜನ. ಬುಲ್ಲೆ ಚೆನ್ನಾಗಿ ಓಡಿತು, ಒಂದು ಡಬ್ಬಿ ಮಾತ್ರ ಬೀಳಿಸಿತು. ಮುರಿದಿದ್ದ ಭುಜ ಗಟ್ಟಿಯಾಗಿ ನಿಂತಿತು. ಹನ್ನೆರಡಕ್ಕೆ ತಂಡಗಳು ವೇದಿಕೆ ಹತ್ತಿ ತೀರ್ಪುಗಾರರ ಮುಂದೆ ಮಾತಾಡಬೇಕು, ಯಾರು ಬೇಕಾದರೂ ಕೂತು ಕೇಳಬಹುದು. ನಾನು ಹಳದಿ ಶರ್ಟಿನಲ್ಲಿ ವೇದಿಕೆಯ ಪಕ್ಕದಲ್ಲಿ ನಿಂತೆ. ಮೂರನೆಯ ಸಾಲಿನಲ್ಲಿ ಶಕುಂತಲಾ, ಅವಳ ಪಕ್ಕ ಆರತಿ, ಓಂ, ಶೇಷಾದ್ರಿ.

ಎಂಜಿನಿಯರುಗಳಿಂದ ಏನು ಕಲಿತಿರಿ ಎಂಬ ಭಾಗ ಬಂದಾಗ, ನಿಜ ಹೇಳುತ್ತೇನೆ, ಕೂದಲು ಸರಿಮಾಡಿಕೊಂಡೆ. ತುವಾ ಮೈಕ್ ಹಿಡಿದು ಕರಿನ್ ಹೆಸರು ಹೇಳಿದಳು. ಹಲ್ಲುಚಕ್ರ, ಒಂದು ಗಂಟೆ, ಫೋಟೊ. ಧನ್ಯವಾದ ಹೇಳಿ ಮೈಕ್ ಕೊಟ್ಟುಬಿಟ್ಟಳು. ಹಿತ್ತಲ ಗಿಡ ಮದ್ದಲ್ಲ, ಇರಲಿ ಎಂದುಕೊಂಡೆ, ಬೇರೆ ಎಲ್ಲಾದರೂ ಹೇಳುತ್ತಾರೆ.

ಆಮೇಲೆ ಸಮಾಜದ ಭಾಗ. ಮೈಕ್ ಇರಾಳ ಕೈಯಲ್ಲಿ. ವೃದ್ಧಾಶ್ರಮದ ವಿಷಯ ಹೇಳಿದಳು, ಬಿಸ್ಕತ್ತಿನ ವಿಷಯ ಹೇಳಿ ನಗಿಸಿದಳು. ಆಮೇಲೆ ನನ್ನ ಕಡೆ ಕೈ ತೋರಿಸಿದಳು.

"ಇವರು ನನ್ನ ಅಪ್ಪ. ಕೆಲಸ ಮಾಡಿ ಮಾಡಿ ಕಾಯಿಲೆ ಬಿದ್ದರು. ಕಳೆದ ವಸಂತದಿಂದ ಕೆಲಸಕ್ಕೆ ಹೋಗಲಾಗುತ್ತಿಲ್ಲ, ಬಹಳ ದಿನ ಹಾಸಿಗೆಯಿಂದಲೇ ಏಳುತ್ತಿರಲಿಲ್ಲ. ಮನೆಯಲ್ಲಿರುವವರನ್ನು ಹೊರಗೆ ತರುವುದೂ ಸಮಾಜದ ಕೆಲಸ ಎಂದು ನಾವು ತೀರ್ಮಾನಿಸಿದೆವು. ಅದಕ್ಕೆ ಪ್ರತಿ ಗುರುವಾರ ಅಪ್ಪ ನಮ್ಮ ಹತ್ತಿರ ಬರುತ್ತಾರೆ."

ಜನ ಚಪ್ಪಾಳೆ ಹೊಡೆದರು. ಒಬ್ಬಳು ಕಣ್ಣೊರೆಸಿಕೊಂಡಳು. ನಾನು ಮೂರನೆಯ ಸಾಲು ನೋಡಿದೆ. ಶಕುಂತಲಾ ತಲೆ ತಗ್ಗಿಸಿದ್ದಳು. ಆರತಿಯ ಬಾಯಿ ತೆರೆದೇ ಇತ್ತು. ಶೇಷಾದ್ರಿ ನನ್ನನ್ನು ದಿಟ್ಟಿಸಿ ನೋಡುತ್ತಿದ್ದ, ರೆಪ್ಪೆ ಬಡಿಯದೆ. ಸಿಕ್ಕಿತು ಇವನಿಗೆ ಡಂಗುರದ ಸುದ್ದಿ ಎಂದುಕೊಂಡೆ.

ಕೋಟು ತೆಗೆದುಕೊಂಡು ಹೊರಗೆ ಹೋಗಿ ಹಿಮದಲ್ಲಿ ನಿಂತೆ. ಒಳಗೆ ಬಹುಮಾನ ಹಂಚಿದರಂತೆ. ಓಟದಲ್ಲಿ ಏನೂ ಸಿಗಲಿಲ್ಲ. ಸಮಾಜದ ಕೆಲಸಕ್ಕೆ ಕಪ್ ಬಂದಿದೆ. ಆ ಮುದುಕರದ್ದೂ ನನ್ನದೂ ಸೇರಿ ಒಂದು ಕಪ್.

೧೨ ಫೆಬ್ರವರಿ, ಭಾನುವಾರ

ಶೇಷಾದ್ರಿ ಎರಡು ಸಲ ಫೋನ್ ಮಾಡಿದ್ದ. ಎತ್ತಲಿಲ್ಲ.

೧೪ ಫೆಬ್ರವರಿ, ಮಂಗಳವಾರ

ಈ ವಾರ ಶಾಲೆಗಳಿಗೆ ಚಳಿಗಾಲದ ರಜೆ. ಇರಾ ತನ್ನ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ. ಊಟದ ತಟ್ಟೆಗಳನ್ನು ಶಕುಂತಲಾ ಎರಡು ಬಾಗಿಲಿಗೂ ತಲುಪಿಸುತ್ತಾಳೆ.

ಇವತ್ತು ತಟ್ಟೆ ಇಟ್ಟವಳು ಹೋಗಲಿಲ್ಲ. "ಅವಳೇ ರೀ ಆ ಮೇಷ್ಟ್ರ ಹತ್ರ ಹೋಗಿ ಕೇಳಿದ್ದು," ಎಂದಳು. "ಅಪ್ಪಂಗೆ ಒಂದು ಫೋನ್ ಮಾಡಿ, ನಿಮಗೆ ಅವರು ಬೇಕು ಅಂತ ಹೇಳಿ ಅಂತ. ನನಗೂ ಗೊತ್ತಿತ್ತು."

"ಅಂದ್ರೆ ಅವರಿಗೆ ಎಂಜಿನಿಯರ್ ಬೇಕಾಗಿರ್ಲಿಲ್ಲ."

"ನಮಗೆ ನೀವು ಬೇಕಾಗಿತ್ತು."

"ನಾನು ಕೇಳಿದ್ದು ಅದಲ್ಲ."

"ಗೊತ್ತು. ನಾನು ಹೇಳ್ತಿರೋದು ಅದೇನೇ."

ಬಾಗಿಲು ಹಾಕು ಎಂದೆ. ನಾಲ್ಕು ತಿಂಗಳು ಮೂರು ಜನ ಸೇರಿ ನನ್ನನ್ನು ಕೈಹಿಡಿದು ನಡೆಸಿದ್ದಾರೆ, ನಾನು ಮಾತ್ರ ಮುಂದೆ ನಡೆಯುತ್ತಿದ್ದೇನೆ ಎಂದುಕೊಂಡಿದ್ದೆ. ಸಿಟ್ಟು ಎಷ್ಟು ಬಂತೆಂದರೆ ಎದ್ದು ಅಡಿಗೆಮನೆಯ ಪಾತ್ರೆಗಳನ್ನೆಲ್ಲ ತೊಳೆದೆ. ಒಲೆಯ ಹಿಂದಿನ ಜಿಡ್ಡನ್ನೂ ಬಿಡಲಿಲ್ಲ.

೧೭ ಫೆಬ್ರವರಿ, ಶುಕ್ರವಾರ

ಇರಾ ಬಂದು ಹಾಸಿಗೆಯ ತುದಿಯಲ್ಲಿ ಕೂತಳು. ಎಂದಿನಂತೆ ಅವಳು ಸ್ವೀಡಿಷ್, ನಾನು ಕನ್ನಡ.

"ನಾನು ಹೇಳಿದ್ದು ಸುಳ್ಳೇ?"

"ಸುಳ್ಳಲ್ಲ. ನಮ್ಮವರ ಮುಂದೆ ಹೇಳೋದಲ್ಲ."

"ನಮ್ಮವರು ಅಂದರೆ ಯಾರು?"

ಶೇಷಾದ್ರಿ ಎನ್ನುವುದಕ್ಕೆ ಬಾಯಿ ಬರಲಿಲ್ಲ. ಲೀನಸ್‌ನ ಅಮ್ಮನಿಗೂ ಇದೇ ಆಗಿತ್ತಂತೆ, ಅವಳು ಊರಿನ ಪತ್ರಿಕೆಗೇ ಹೇಳಿಕೊಂಡಿದ್ದಳಂತೆ, ಯಾರೂ ಸತ್ತಿಲ್ಲವಂತೆ.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಅದನ್ನು ಕೇಳಿದೆ. "ನನ್ನನ್ನ ಎಂಜಿನಿಯರುಗಳ ಜೊತೆ ಯಾಕೆ ಸೇರಿಸ್ಲಿಲ್ಲ? ಆ ಕೈ ಮುರಿಸಿದ್ದು ಯಾರು?"

ಅವಳು ಮುಚ್ಚಿಡುವುದಿಲ್ಲ, ಈ ದೇಶ ಅದನ್ನು ಕಲಿಸಿಲ್ಲ. "ಆ ಭಾಗಕ್ಕೆ ಕರಿನ್ ಇದ್ದಳು. ಸಮಾಜದ ಭಾಗಕ್ಕೆ ಬರೀ ವೃದ್ಧಾಶ್ರಮ ಇತ್ತು, ಸಾಲುತ್ತಿರಲಿಲ್ಲ. ಅಪ್ಪ ಎರಡೂ ಕಡೆ ಆಗುತ್ತಾರೆ, ಎಲ್ಲಿ ಹಾಕೋಣ ಎಂದು ವೋಟು ಹಾಕಿದೆವು."

"ನೀನು?"

"ನಾನೂ ಕೈ ಎತ್ತಿದೆ."

ಅವಳು ಅತ್ತಳು. ಸಮಾಧಾನ ಮಾಡಬೇಕಾದ ಅಪ್ಪ ನಾನು, ಕೈ ಏಳಲಿಲ್ಲ. ಸ್ಪರ್ಧೆ ಮುಗಿದರೂ ಗುರುವಾರಗಳು ನಡೆಯುತ್ತವಂತೆ, ಬರುತ್ತೀಯಾ ಎಂದು ಕೇಳಿದಳು. ಇಲ್ಲ ಎಂದೆ. ಇನ್ನು ಅಲ್ಲಿ ಯಾವ ಮುಖ ಹೊತ್ತು ನಿಲ್ಲಲಿ. ಎಂಜಿನಿಯರ್ ಎಂಬ ಒಂದು ಪದ ಉಳಿದಿತ್ತು, ಅದೂ ಬಹುಮತದಿಂದ ಹೋಯಿತು.

೧೯ ಫೆಬ್ರವರಿ, ಭಾನುವಾರ

ಮಧ್ಯಾಹ್ನ ಶೇಷಾದ್ರಿ ಮನೆಗೇ ಬಂದ. ಒಬ್ಬನೇ. ಆರತಿ ಕಳಿಸಿದಳೆಂದು ಕೋಡುಬಳೆಯ ಡಬ್ಬಿ ತಂದಿದ್ದ. ಓಡಿಹೋಗಲು ಈ ಮನೆಗೆ ಹಿಂಬಾಗಿಲಿಲ್ಲ. ಬಂದು ಕೂತೆ.

ಶಕುಂತಲಾ ಕಾಫಿ ಕೊಟ್ಟಳು. ಅವನು ಹಿಮದ ವಿಷಯ ಮಾತಾಡಿದ. ಚಳಿಗಾಲದ ಟೈರು ಯಾವಾಗ ಬದಲಿಸಬೇಕು ಎಂಬ ವಿಷಯ ಮಾತಾಡಿದ. ಸ್ಪರ್ಧೆಯ ವಿಷಯ ಎತ್ತಲಿಲ್ಲ. ಬೆಕ್ಕು ಇಲಿಯನ್ನು ಆಡಿಸುವ ಹಾಗೆ ಎಂದು ನನಗೆ ಉರಿಯುತ್ತಿತ್ತು. ಕಾಫಿ ಮುಗಿಸಿ ಎದ್ದು, "ಸರ್, ಒಂದ್ನಿಮಿಷ ಕೆಳಗೆ ಬರ್ತೀರಾ?" ಎಂದ. ಹೆಂಡತಿಯ ಎದುರಿಗೆ ಬೇಡವೆಂದು ಕರೆಯುತ್ತಿದ್ದಾನೆ, ಬುದ್ಧಿವಾದ ಹೇಳುತ್ತಾನೆ, ಊರಿಗೆ ಹೋಗಿ ಯಾವುದಾದರೂ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಎನ್ನುತ್ತಾನೆ. ಕೋಟು ಹಾಕಿಕೊಂಡು ಹೋದೆ. ಹೇಳಿ ಮುಗಿಸಲಿ.

ತನ್ನ ಕಾರಿನಲ್ಲಿ ಕೂತ. ನಾನು ಪಕ್ಕದಲ್ಲಿ ಕೂತೆ. ಕೀಲಿ ತಿರುಗಿಸಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು ಮುಂದಿನ ಗೋಡೆ ನೋಡುತ್ತಿದ್ದ. ನಾನೇ ಶುರು ಮಾಡಿದೆ.

"ಎಲ್ಲರಿಗೂ ಹೇಳಿ ಆಯ್ತಾ?"

"ನಾನ್ಯಾರಿಗೂ ಹೇಳಿಲ್ಲ ಸರ್."

ಗಾಜಿನ ಮೇಲೆ ನಮ್ಮ ಉಸಿರಿನ ಮಂಜು ಕೂರುತ್ತಿತ್ತು.

"ಆಫೀಸ್ ಪಾರ್ಕಿಂಗಲ್ಲೂ ಹಿಂಗೇ ಕೂತಿರ್ತೀನಿ," ಎಂದ. "ಇಳಿಯೋಕಾಗಲ್ಲ. ಇಳೀಬೇಕು ಅನ್ಕೋತೀನಿ, ಕೈ ಬಾಗಿಲ ಹತ್ರ ಹೋಗಲ್ಲ. ದೀಪಾವಳಿ ಆದ್ಮೇಲಿಂದ ಹಿಂಗೇ. ಮೊದಲು ಸ್ವಲ್ಪ ಹೊತ್ತು ಕೂತು ಒಳಗೆ ಹೋಗ್ತಿದ್ದೆ. ಈಗ ಕೆಲವು ದಿನ ಹೋಗೋದೇ ಇಲ್ಲ. ಹುಷಾರಿಲ್ಲ ಅಂತ ಮೆಸೇಜ್ ಹಾಕಿ ಸಂಜೆ ತನಕ ಇಲ್ಲೇ ಕೂತಿರ್ತೀನಿ. ಮನೆಗೆ ಹೋದ್ರೆ ಆರತಿ ಹೇಗಿತ್ತು ಇವತ್ತು ಅಂತಾಳೆ. ಚೆನ್ನಾಗಿತ್ತು ಅಂತೀನಿ."

ಶೇಷಾದ್ರಿಯವರ ಧ್ವನಿ ತೆಳುವಾಗಿತ್ತು. ಸಂಕ್ರಾಂತಿಯ ದಿನವೂ ಹೀಗೇ ಇದ್ದಿರಬೇಕು, ನಾನು ಎಳ್ಳು ಅಗಿಯುತ್ತಿದ್ದೆ.

ಇದು ಸರಿಹೋಗುತ್ತದೆ ಎಂದು ಹೇಳಲು ನನಗೇ ಸರಿಹೋಗಿಲ್ಲ. "ಡಾಕ್ಟರ ಹತ್ರ ಹೋಗಿದ್ರಾ?" ಎಂದೆ. ಇಲ್ಲ ಎಂದರು. ನನ್ನ ಸಲಹೆಗಾರ್ತಿಯ ನಂಬರ್ ಕೊಟ್ಟೆ, ನಾಳೆ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ, ತಡ ಮಾಡಿದರೆ ಸಾಲು ಬೆಳೆಯುತ್ತದೆ, ಬೇಕಾದರೆ ನಾನು ಪಕ್ಕದಲ್ಲಿ ಕೂರುತ್ತೇನೆ ಎಂದೆ. ಬರೆದುಕೊಂಡರು.

"ಆ ಮಕ್ಕಳ ಹತ್ರ ನಾನೂ ಬರಬಹುದಾ ಸರ್? ಗುರುವಾರ?"

ನಾನು ಹೋಗುವುದನ್ನು ಬಿಟ್ಟಿದ್ದೇನೆ ಎನ್ನಬೇಕಾಗಿತ್ತು. "ಬನ್ನಿ," ಎಂದೆ. "ಮೂರೂವರೆಗೆ ಕರ್ಕೊಂಡು ಹೋಗ್ತೀನಿ. ಆದ್ರೆ ಒಂದು ಗೊತ್ತಿರ್ಲಿ. ಅವರ ಬಾಯಲ್ಲಿ ಏನೂ ನಿಲ್ಲಲ್ಲ. ನನಗೆ ಮಾಡಿದ್ದು ನೋಡಿದ್ರಲ್ಲ. ಒಂದಿನ ಮೈಕ್ ಹಿಡ್ಕೊಂಡು ನಿಮ್ಮ ವಿಷಯಾನೂ ಎಲ್ಲರ ಮುಂದೆ ಹೇಳಿಬಿಡ್ತಾರೆ. ಆರತಿ ಮುಂದೇನೇ."

ಅವರು ಸ್ಟೀರಿಂಗ್‌ನಿಂದ ಕೈ ತೆಗೆದು ಮುಖ ಮುಚ್ಚಿಕೊಂಡರು.

"ಅದಕ್ಕೇ ಸರ್ ಕೇಳ್ತಿರೋದು," ಎಂದರು. "ನನ್ನ ಬಾಯಿಂದ ಬರ್ತಿಲ್ಲ. ಯಾರಾದ್ರೂ ಹೇಳಿಬಿಡ್ಲಿ."